1800 ಡಿಗ್ರಿ ಮುಟ್ಟಿದ ನೀರು

ಆರು ಕಂಪ್ಯೂಟರುಗಳಲ್ಲಿ ನಾಲ್ಕು ಬದುಕಿಕೊಂಡವು. ಉಳಿದೆರಡರ ಬಿಡಿಭಾಗ ಕಿತ್ತು ಹಾಕಿದ್ದಕ್ಕೇ ಈ ನಾಲ್ಕು ಎದ್ದು ಕೂತದ್ದು.

ನಾನು ತಾಲ್ಲೂಕು ಊರೊಂದರ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಯಾವುದೋ ಕಚೇರಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯವನ್ನು ನಮಗೆ ದಾನ ಕೊಟ್ಟಿದ್ದರು. ಹಾರ ಹಾಕಿ ಫೋಟೊ ತೆಗೆಸಿಕೊಂಡ ಮೇಲೆ ಅವು ಲ್ಯಾಬಿನ ಮೂಲೆ ಸೇರಿದವು. ಹಳೇ ಬೆಡ್‌ಶೀಟ್ ಹೊದ್ದುಕೊಂಡು ಅಲ್ಲೇ ಕೂತಿದ್ದವು. ಪೆಂಟಿಯಂ 4 ಪ್ರೊಸೆಸರ್, 512 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, ಬೆನ್ನು ಉಬ್ಬಿದ ಮಾನಿಟರ್. ಮಕ್ಕಳ ಜೇಬಿನಲ್ಲಿರುವ ಫೋನಿನ ಮುಂದೆ ಇವು ಏನೇನೂ ಅಲ್ಲ.

ನನಗೆ ಅವುಗಳ ನೆನಪಾದದ್ದು ಒಂದು ಪ್ರಯೋಗದಿಂದ. ಮೊದಲ ಪಿಯುಸಿ ಮಕ್ಕಳು ಬಿಸಿನೀರು ತಣ್ಣಗಾಗುವುದನ್ನು ಅಳೆಯುತ್ತಾರೆ. ಕ್ಯಾಲೊರಿಮೀಟರ್ ಅನ್ನುವ ಪಾತ್ರೆಯಲ್ಲಿ ನೀರು, ಅದರೊಳಗೆ ಥರ್ಮಾಮೀಟರ್, ಕೈಯಲ್ಲಿ ಸ್ಟಾಪ್‌ವಾಚ್. ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಂಡು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಡುತ್ತಾರೆ. ಆಮೇಲೆ ಕೈಯಲ್ಲೇ ಬಾಗಿದ ಗೆರೆ ಎಳೆಯುತ್ತಾರೆ. ತೊಂದರೆ ಇರುವುದು ಆ ಗೆರೆಯಲ್ಲೇ. ಅದು ಹೇಗೆ ಬಾಗಬೇಕು ಅಂತ ಪಕ್ಕದವರ ಹಾಳೆ ನೋಡಿ ಮೊದಲೇ ಗೊತ್ತಿರುತ್ತದೆ. ಚುಕ್ಕಿ ಎಲ್ಲೇ ಇರಲಿ, ಗೆರೆ ಮಾತ್ರ ಎಲ್ಲರದೂ ಒಂದೇ. ತಮ್ಮ ಅಂಕಿಗಳು, ಬಿಸಿ ವಸ್ತು ಹೇಗೆ ತಣ್ಣಗಾಗುತ್ತದೆ ಅಂತ ಹೇಳುವ ನ್ಯೂಟನ್ನನ ಸೂತ್ರಕ್ಕೆ ನಿಜವಾಗಿ ಹೊಂದುತ್ತವೆಯೇ ಅಂತ ಮಕ್ಕಳು ಒಮ್ಮೆಯಾದರೂ ನೋಡಲಿ ಅನ್ನಿಸಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ.

"ಮಾವ, ಅವನ್ನೆಲ್ಲ ಗುಜರಿಗೆ ಹಾಕ್ಬಿಡಿ. ಕೆಜಿ ಲೆಕ್ಕದಲ್ಲಿ ತಗೋತಾರೆ" ಅಂದ.

"ಗುಜರಿಗೆ ಹಾಕೋಕೆ ನಿನ್ನ ಸಲಹೆ ಬೇಕಾಗಿರಲಿಲ್ಲ ಕಣೋ" ಅಂದೆ. ಆಮೇಲೆ ಅವನೇ ದಾರಿಗೆ ಬಂದ. ಮುಂದಿನ ಹದಿನೈದು ದಿನ ಅವನ ಊಟದ ಹೊತ್ತೆಲ್ಲ ನನ್ನ ಫೋನಿಗೇ ಹೋಯಿತು.

ದಸರಾ ರಜೆಯಲ್ಲಿ ಕೆಲಸ ಶುರು ಮಾಡಿದೆವು. ನಾವು ಅಂದರೆ ನಾನು ಮತ್ತು ನಮ್ಮ ಅಟೆಂಡರ್. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಕಂಬಳಿಯ ಹಾಗೆ ಧೂಳು. ಒಂದರಲ್ಲಿ ಹಲ್ಲಿಯ ಮೊಟ್ಟೆ ಸಿಕ್ಕವು. ಇನ್ನೊಂದರ ಮದರ್‌ಬೋರ್ಡಿನಲ್ಲಿ ಕೆಪಾಸಿಟರುಗಳು ಹೊಟ್ಟೆ ಉಬ್ಬಿಸಿಕೊಂಡಿದ್ದವು. ಅದರ ಆಸೆ ಅಲ್ಲಿಗೇ ಬಿಟ್ಟೆವು. ಮತ್ತೊಂದರ ಪವರ್ ಸಪ್ಲೈ ಹಾಕಿದ ಕೂಡಲೇ ಸುಟ್ಟ ವಾಸನೆ ಬಂತು.

ಉಳಿದ ನಾಲ್ಕರಲ್ಲಿ ಮೂರು ಆನ್ ಆದರೂ ಪರದೆ ಕಪ್ಪಾಗಿಯೇ ಇತ್ತು. ಒಳಗಿನಿಂದ ಬೀಪ್, ಬೀಪ್, ಬೀಪ್. ಅಟೆಂಡರ್ ಏನೂ ಮಾತಾಡದೆ ಹೋಗಿ ಡ್ರಾಯಿಂಗ್ ರಬ್ಬರ್ ತಂದರು. ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಉಜ್ಜಿದರು. ರಬ್ಬರಿನ ತುಣುಕು ಊದಿದರು. ಮತ್ತೆ ಕೂರಿಸಿ, ಎರಡೂ ತುದಿಯ ಕ್ಲಿಪ್ಪು ಟಕ್ ಅನ್ನುವವರೆಗೆ ಒತ್ತಿದರು. ಒಂದೇ ಬೀಪ್ ಬಂದು ಪರದೆ ಬೆಳಗಿತು. "ಇದು ಮೊಬೈಲ್ ಅಂಗಡಿಯ ನನ್ನ ಭಾವಮೈದ ಹೇಳ್ಕೊಟ್ಟಿದ್ದು ಸಾರ್" ಅಂದರು. ಆಯುಧಪೂಜೆಯ ದಿನ ನಾಲ್ಕೂ ಡಬ್ಬಗಳಿಗೆ ಕುಂಕುಮ ಇಟ್ಟು, ಚಾಕ್‌ಪೀಸಿನಲ್ಲಿ ಒಂದರಿಂದ ನಾಲ್ಕರವರೆಗೆ ನಂಬರ್ ಬರೆದರು.

ಎಲ್ಲದರಲ್ಲೂ ವಿಂಡೋಸ್ ಎಕ್ಸ್‌ಪಿ ಇತ್ತು. ಮೂರರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ತೆರೆದುಕೊಂಡ ಒಂದರಲ್ಲಿ, ಬಣ್ಣಬಣ್ಣದ ಗ್ರಾಫ್ ಬಿಡಿಸುವ ಪ್ರೋಗ್ರಾಂ ಒಂದರ ಹೊಸ ಆವೃತ್ತಿ ಹಾಕಲು ಹೋದೆ. ಡಬಲ್ ಕ್ಲಿಕ್ ಮಾಡಿದ್ದೇ ತಡ, ‘ನಾಟ್ ಎ ವ್ಯಾಲಿಡ್ ವಿನ್32 ಅಪ್ಲಿಕೇಶನ್’ ಅಂತ ಬಂತು. ಫೈಲು ಕೆಟ್ಟಿದೆ ಅಂದುಕೊಂಡು ಮೂರು ಸಲ ಡೌನ್‌ಲೋಡ್ ಮಾಡಿದೆ. ಫೈಲು ಸರಿಯಾಗಿಯೇ ಇತ್ತು. ಎಕ್ಸ್‌ಪಿ ಬಂದದ್ದು 2001ರಲ್ಲಿ, ಮೈಕ್ರೋಸಾಫ್ಟ್ ಅದರ ಕೈಬಿಟ್ಟದ್ದು 2014ರಲ್ಲಿ. ಹೊಸ ಪ್ರೋಗ್ರಾಂ ಬರೆಯುವವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

"ಲಿನಕ್ಸ್ ಹಾಕಿ, ಅದರ ಮೇಲೆ ಗ್ನೂಪ್ಲಾಟ್ ಹಾಕಿ ಮಾವ. ನೋಡೋಕೆ ಚೆನ್ನಾಗಿರಲ್ಲ. ಆದ್ರೆ ಓಡುತ್ತೆ" ಅಂದ ಅಳಿಯ.

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಗ್ನೂಪ್ಲಾಟ್ ಅಂದರೆ ಕಮಾಂಡ್ ಕೊಟ್ಟರೆ ಗ್ರಾಫ್ ಬಿಡಿಸುವ ಪ್ರೋಗ್ರಾಂ. ಅದರ ಕಥೆ ನನಗೆ ಹಿಡಿಸಿತು. ಅದು ಶುರುವಾದದ್ದು 1986ರಲ್ಲಿ. ಥಾಮಸ್ ವಿಲಿಯಮ್ಸ್ ಮತ್ತು ಕಾಲಿನ್ ಕೆಲ್ಲಿ ಅನ್ನುವ ಇಬ್ಬರು ಬರೆದದ್ದು. ಒಬ್ಬ ಡಿಫರೆನ್ಷಿಯಲ್ ಈಕ್ವೇಶನ್ ಕ್ಲಾಸಿಗೆ ಹೋಗುತ್ತಿದ್ದ, ಇನ್ನೊಬ್ಬ ವಿದ್ಯುತ್ಕಾಂತದ ಕ್ಲಾಸಿಗೆ. ಪಾಠದ ಗಣಿತ ಕಣ್ಣಿಗೆ ಕಾಣಲಿ ಅಂತ ಬರೆದುಕೊಂಡರು. ‘ನ್ಯೂಪ್ಲಾಟ್’ ಅಂತ ಹೆಸರಿಡೋಣ ಅಂದರೆ ಆ ಹೆಸರಿನದು ಆಗಲೇ ಒಂದು ಇತ್ತಂತೆ. ಅದಕ್ಕೇ ಗ್ನೂಪ್ಲಾಟ್ ಆಯಿತು. ಮುಕ್ತ ತಂತ್ರಾಂಶದ ಗ್ನೂ ಯೋಜನೆಗೂ ಇದಕ್ಕೂ ಸಂಬಂಧವಿಲ್ಲ. ಡಾಸ್ ಕಾಲದ ಪಿಸಿಗಳಲ್ಲೂ ಓಡಿದ ಪ್ರೋಗ್ರಾಂ ಇದು. ಅಂದರೆ ನನ್ನ ‘ಹಳೇ’ ಪೆಂಟಿಯಂ 4 ಇದಕ್ಕೆ ಮೊಮ್ಮಗ ಇದ್ದ ಹಾಗೆ.

ಮೊದಲು ಲಿನಕ್ಸ್ ಒಳಗೆ ಹೋಗಬೇಕಲ್ಲ. ಅಳಿಯ ಕಳಿಸಿದ್ದ ಪೆನ್ ಡ್ರೈವ್ ಚುಚ್ಚಿದೆ. ಒಂದು ಸಾಲು ಬಂದು ಎಲ್ಲ ನಿಂತುಹೋಯಿತು: ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು, ಇಲ್ಲಿರುವುದು ಐ686. ಅವನು ತನ್ನ ಲ್ಯಾಪ್‌ಟಾಪಿನ ಅಂದಾಜಿನಲ್ಲಿ 64 ಬಿಟ್‌ನದು ಕಳಿಸಿದ್ದ. ನಮ್ಮವು 32 ಬಿಟ್. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ ಹಾಕುವವರು ಇದನ್ನು ನೆನಪಿಡಿ. 2023ರಲ್ಲಿ ಬಂದ 12ನೇ ಆವೃತ್ತಿಗೆ 32 ಬಿಟ್ ಇನ್‌ಸ್ಟಾಲರ್ ಇದೆ. 2025ರ 13ನೆಯದಕ್ಕೆ ಇಲ್ಲ. ಹೊಸದೇ ಬೇಕು ಅಂತ ಹಟ ಹಿಡಿದರೆ ಇಲ್ಲಿಗೇ ಆಟ ಮುಗಿಯಿತು.

12ನೆಯದನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಬಂದೆ. ಒಂದು ಮತ್ತು ಎರಡನೇ ನಂಬರ್ ಒಪ್ಪಿಕೊಂಡವು. ಮೂರು, ನಾಲ್ಕು ಪೆನ್ ಡ್ರೈವ್ ಕಡೆ ತಿರುಗಿಯೂ ನೋಡಲಿಲ್ಲ. ಆನ್ ಆದ ಕೂಡಲೇ ಮೊದಲು ಓಡುವ ಬಯಾಸ್‌ನಲ್ಲಿ ಎಲ್ಲ ಆಯ್ಕೆ ಹಿಂದೆ ಮುಂದೆ ಮಾಡಿ ಒಂದು ಮಧ್ಯಾಹ್ನ ಕಳೆದೆ. ಕೊನೆಗೆ ಅವುಗಳ ಹಾರ್ಡ್ ಡಿಸ್ಕನ್ನೇ ಕಿತ್ತು ಒಂದನೇ ನಂಬರಿಗೆ ಕಟ್ಟಿ, ಅಲ್ಲಿ ಲಿನಕ್ಸ್ ಹಾಕಿ, ವಾಪಸು ತಂದು ಕೂರಿಸಿದೆ. ಯಾವ ತಕರಾರೂ ಇಲ್ಲದೆ ಎದ್ದವು. ಡಿಸ್ಕ್ ಬೇರೆ ಮನೆಗೆ ಹೋದರೂ ಲಿನಕ್ಸಿಗೆ ಅಷ್ಟಾಗಿ ಬೇಸರವಿಲ್ಲ. ಡಿಸ್ಕಿನ ಹಿಂಬದಿಯಲ್ಲಿ, ಮುಖ್ಯ ಡಿಸ್ಕ್ ಯಾವುದು ಅಂತ ಹೇಳುವ ಪುಟ್ಟ ಜಂಪರ್ ಮಾಸ್ಟರ್ ಕಡೆ ಇದೆಯಾ ಅಂತ ನೋಡಿಕೊಂಡರೆ ಸಾಕು. ದೊಡ್ಡ ಡೆಸ್ಕ್‌ಟಾಪ್ ಹಾಕಲಿಲ್ಲ. ಐಸ್‌ಡಬ್ಲ್ಯೂಎಂ ಅನ್ನುವ ಹಗುರವಾದ ವಿಂಡೋ ಮ್ಯಾನೇಜರ್ ಮಾತ್ರ. 512 ಎಂಬಿಯಲ್ಲಿ ಅದಕ್ಕಿಂತ ಜಾಸ್ತಿ ಆಸೆಪಡಬಾರದು.

ಈಗ ಗ್ನೂಪ್ಲಾಟ್ ಇಳಿಸಬೇಕು. ಕಾಲೇಜಿನಲ್ಲಿ ಇಂಟರ್ನೆಟ್ ಇಲ್ಲ. ನನ್ನ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಕಟ್ಟಿ ಟೆದರಿಂಗ್ ಆನ್ ಮಾಡಿದೆ. ನೆಟ್ ಬಂತು. ಅಪ್‌ಡೇಟ್ ಕಮಾಂಡ್ ಕೊಟ್ಟೆ. ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಅಂತು. ಇನ್ನೂ ಚಾಲ್ತಿಗೆ ಬಂದಿಲ್ಲ ಅಂದರೆ ಏನರ್ಥ? ಇನ್ನು ಎಷ್ಟು ದಿನ ಕಾಯಬೇಕು ಅಂತಲೂ ಅದರ ಪಕ್ಕದಲ್ಲೇ ಬರೆದಿತ್ತು. ಏಳು ಸಾವಿರಕ್ಕೂ ಮೇಲಿನ ಒಂದು ಸಂಖ್ಯೆ. ನಾನು ಸರ್ವರಿನದೇ ತಪ್ಪು ಅಂದುಕೊಂಡು ಬೇರೆ ಬೇರೆ ಸರ್ವರ್ ವಿಳಾಸ ಹಾಕಿ ನೋಡಿದೆ. ಎಲ್ಲ ಕಡೆಯೂ ಅದೇ ಮಾತು.

ಕೊನೆಗೆ ಅಟೆಂಡರ್ ಪರದೆಯ ಮೂಲೆಗೆ ಬೆರಳು ತೋರಿಸಿ, "ಸಾರ್, ಇದ್ಯಾಕೆ 2003 ಅಂತಿದೆ?" ಅಂದರು.

ಅಷ್ಟೇ ವಿಷಯ. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ ಸತ್ತಿತ್ತು. ಕರೆಂಟು ತೆಗೆದಾಗಲೆಲ್ಲ ಕಂಪ್ಯೂಟರ್ 2003ರ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. 2003ರಲ್ಲಿ ಕೂತು 2023ರ ಡೆಬಿಯನ್ ಕೇಳಿದರೆ ಅದು ‘ಇನ್ನೂ ಬಂದಿಲ್ಲ’ ಅನ್ನದೆ ಇನ್ನೇನು ಅಂದೀತು? ಗಡಿಯಾರದ ಅಂಗಡಿಯಲ್ಲಿ ಸಿಆರ್2032 ಸೆಲ್ ಕೇಳಿದರೆ ಮೂರೇ ಇದ್ದವು. ನಾಲ್ಕನೆಯದು ಇವತ್ತು ತರೋಣ, ನಾಳೆ ತರೋಣ ಅಂತ ಹಾಗೇ ಉಳಿಯಿತು. ಮೂರನೇ ನಂಬರ್ ಈಗಲೂ ಬೆಳಿಗ್ಗೆ ಎದ್ದಾಗ ಎಫ್1 ಒತ್ತಿಸಿಕೊಂಡೇ ಮುಂದೆ ಹೋಗುವುದು.

ಡೇಟಾ ಉಳಿಸಲು ಇನ್ನೊಂದು ಉಪಾಯ ಮಾಡಿದೆ. ಒಂದು ಕಂಪ್ಯೂಟರಿನಲ್ಲಿ ಇಳಿಸಿ, ಆ ಫೈಲುಗಳನ್ನೇ ಉಳಿದ ಮೂರಕ್ಕೆ ಪೆನ್ ಡ್ರೈವಿನಲ್ಲಿ ಒಯ್ಯುವುದು. ಇಳಿದ ಫೈಲುಗಳು ಇರಬೇಕಾದ ಫೋಲ್ಡರ್ ತೆರೆದರೆ ಖಾಲಿ! ‘ಆಪ್ಟ್’ ಅನ್ನುವ ಕಮಾಂಡ್ ಕೆಲಸ ಮುಗಿದ ಮೇಲೆ ತಾನು ಇಳಿಸಿದ್ದನ್ನು ಅಳಿಸಿಬಿಡುತ್ತದೆ. ಹಳೆಯ ‘ಆಪ್ಟ್-ಗೆಟ್’ ಅಳಿಸದೆ ಇಟ್ಟುಕೊಳ್ಳುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಆ ದಿನದ ಡೇಟಾ ಮುಗಿದಿತ್ತು. ಮರುದಿನ ಮತ್ತೆ ಇಳಿಸಿದೆ. ಎರಡನೇ ನಂಬರಿಗೆ ಹಾಕುತ್ತಿದ್ದಾಗ ಕರೆಂಟು ಹೋಯಿತು. ಯುಪಿಎಸ್ ಇದೆ, ಅದರ ಬ್ಯಾಟರಿ ಸುಮ್ನೆ ಭಾರಕ್ಕೆ. ಕರೆಂಟು ಬಂದ ಮೇಲೆ ‘ಡಿಪಿಕೆಜಿ ಅರ್ಧಕ್ಕೆ ನಿಂತಿದೆ, ಕಾನ್ಫಿಗರ್ ಕಮಾಂಡ್ ಕೊಡಿ’ ಅಂತ ಅದೇ ದಾರಿ ತೋರಿಸಿತು. ಕೊಟ್ಟೆ, ಸರಿಹೋಯಿತು. ಎಲ್ಲ ತಪ್ಪುಗಳೂ ಇಷ್ಟು ಸಜ್ಜನಿಕೆಯಿಂದ ಬಂದರೆ ಎಷ್ಟು ಚೆನ್ನ!

ಡೆಬಿಯನ್‌ನಲ್ಲಿ ಗ್ನೂಪ್ಲಾಟ್ ಮೂರು ರೂಪದಲ್ಲಿ ಸಿಗುತ್ತದೆ. ಕ್ಯೂಟಿ, ಎಕ್ಸ್11, ನಾಕ್ಸ್. ನನ್ನ ಜಿಪುಣತನಕ್ಕೆ ತಕ್ಕ ಹಾಗೆ ಎಲ್ಲಕ್ಕಿಂತ ಚಿಕ್ಕದಾದ ನಾಕ್ಸ್ ಆರಿಸಿದ್ದೆ. ತೆರೆದು ಸೈನ್ ಎಕ್ಸ್ ಪ್ಲಾಟ್ ಮಾಡು ಅಂದೆ. ಏನೂ ಬರಲಿಲ್ಲ. ಟರ್ಮಿನಲ್ ‘ಅನ್‌ನೋನ್’ ಆಗಿದೆ, ಯಾವ ಚಿತ್ರವೂ ಬರುವುದಿಲ್ಲ ಅಂತ ಒಂದು ಎಚ್ಚರಿಕೆ ಮಾತ್ರ. ಗ್ನೂಪ್ಲಾಟಿಗೆ ಟರ್ಮಿನಲ್ ಅಂದರೆ ಚಿತ್ರ ಎಲ್ಲಿಗೆ ಕಳಿಸಬೇಕು ಅನ್ನುವ ಜಾಗ. ಪರದೆಯ ಕಿಟಕಿಯೋ, ಪಿಎನ್‌ಜಿ ಫೈಲೋ, ಪಿಡಿಎಫ್ಫೋ. ನಾಕ್ಸ್ ಅಂದರೆ ‘ನೋ ಎಕ್ಸ್’, ಕಿಟಕಿ ತೆರೆಯುವ ಶಕ್ತಿ ಇಲ್ಲದ್ದು. ಹೆಸರಲ್ಲೇ ಹೇಳಿದೆ. ಓದಬೇಕಲ್ಲ!

ಅಳಿಯ ಫೋನಿನಲ್ಲೇ ನಕ್ಕ. "ಸೆಟ್ ಟರ್ಮಿನಲ್ ಡಂಬ್ ಅಂತ ಕೊಡಿ ಮಾವ, ತಮಾಷೆ ನೋಡಿ."

ಕೊಟ್ಟೆ. ಮತ್ತೆ ಸೈನ್ ಎಕ್ಸ್. ಎಂಟರ್ ಒತ್ತಿದ ಕ್ಷಣಕ್ಕೆ ಕಪ್ಪು ಪರದೆಯ ಮೇಲೆ ನಕ್ಷತ್ರದ ಗುರುತುಗಳು ಸಾಲಾಗಿ ಏರಿ ಇಳಿದು ಏರಿದವು. ಚೌಕಟ್ಟು ಅಡ್ಡಗೆರೆ, ಕೂಡು ಚಿಹ್ನೆಗಳದು. ಅಕ್ಷರಗಳಲ್ಲೇ ಕಟ್ಟಿದ ಅಲೆ. ರಂಗೋಲಿಯಲ್ಲಿ ಚುಕ್ಕಿ ಮಾತ್ರ ಇಟ್ಟು ಗೆರೆ ಎಳೆಯದೆ ಬಿಟ್ಟ ಹಾಗೆ. ಅಟೆಂಡರ್ ಕನ್ನಡಕ ತೆಗೆದು ದೂರದಿಂದ ನೋಡಿ, "ಹಾವು ಸಾರ್" ಅಂದರು. ಈ ಹದಿನೈದು ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಆ ಹಾವೇ. ಇಪ್ಪತ್ತು ವರ್ಷ ಹಳೆಯ ಯಂತ್ರ, ಕಿಟಕಿ ತೆರೆಯಲು ಬಾರದ ಪ್ಯಾಕೇಜು, ಆದರೂ ಗ್ರಾಫ್ ಬಂತಲ್ಲ.

ಆಮೇಲೆ ಎಕ್ಸ್11 ರೂಪವನ್ನು ಹಾಕಿದೆ. ಅದರ ಜೊತೆ ಡಬ್ಲ್ಯೂಎಕ್ಸ್‌ಟಿ ಅನ್ನುವ ಇನ್ನೊಂದು ಚೆಂದದ ಕಿಟಕಿಯೂ ಬರುತ್ತದೆ. ನಮ್ಮ ಯಂತ್ರಗಳಿಗೆ ಅದು ಭಾರ. ಬರಿ ಎಕ್ಸ್11 ಸಾಕು, ಗೆರೆ ಒರಟಾದರೂ ತಟ್ಟನೆ ಬರುತ್ತದೆ. ಪ್ರತಿ ಸಲ ಹೇಳುವುದು ತಪ್ಪಲಿ ಅಂತ ಹೋಮ್ ಫೋಲ್ಡರಿನ ಡಾಟ್-ಗ್ನೂಪ್ಲಾಟ್ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟೆ. ಕಮಾಂಡುಗಳನ್ನು ಫೈಲಿನಲ್ಲಿ ಬರೆದು ಓಡಿಸಿದರೆ ಕಿಟಕಿ ಮಿಂಚಿ ಮಾಯವಾಗುತ್ತಿತ್ತು. ‘ಪರ್ಸಿಸ್ಟ್’ ಅಂತ ಸೇರಿಸಿದ ಮೇಲೆ ನಿಂತಿತು.

ರಜೆ ಮುಗಿದು ಮಕ್ಕಳು ಬಂದರು. ಪ್ರಯೋಗ ಮಾಡಿದರು. ಕೊಠಡಿಯ ಉಷ್ಣತೆ 28 ಡಿಗ್ರಿ, ನೀರು ಶುರುವಾದದ್ದು 82ರಿಂದ, ಅರ್ಧ ಗಂಟೆಯ ಓದು. ಒಂದು ತಂಡ ಅಂಕಿಗಳನ್ನು ಫೋನಿನ ಸ್ಪ್ರೆಡ್‌ಶೀಟಿನಲ್ಲಿ ಹೊಡೆದು ಸಿಎಸ್‌ವಿ ಮಾಡಿ ತಂದಿತ್ತು. ಕಾಲವನ್ನು ಸೆಕೆಂಡಿನಲ್ಲಿ ಬರೆದಿದ್ದರು: 0, 60, 120, ಹೀಗೆ 1800ರವರೆಗೆ. ಪ್ಲಾಟ್ ಅಂದೆವು.

ರೂಲರ್ ಇಟ್ಟು ಎಳೆದಂಥ ನೇರ ಗೆರೆ ಬಂತು. ಅದೂ ಮೇಲ್ಮುಖವಾಗಿ.

"ಸರ್, ನೀರು ಬಿಸಿ ಆಗ್ತಾ ಹೋಗಿದೆ" ಅಂದಳು ಮುಂದೆ ಕೂತಿದ್ದ ಹುಡುಗಿ. ಲಂಬ ಅಕ್ಷದಲ್ಲಿ ಗೆರೆಯ ತುದಿ 1800 ಮುಟ್ಟಿತ್ತು. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ನಮ್ಮ ತಾಮ್ರದ ಕ್ಯಾಲೊರಿಮೀಟರ್ ಅದಕ್ಕೂ ಎಷ್ಟೋ ಮೊದಲೇ ಕರಗಿ ಹರಿದುಹೋಗಬೇಕಿತ್ತು. ಇಡೀ ಲ್ಯಾಬ್ ನಕ್ಕಿತು. ನಾನೂ ನಕ್ಕೆ. ಒಳಗೊಳಗೇ ಬೆವರಿದೆ.

ಗ್ನೂಪ್ಲಾಟ್ ಅಂಕಣಗಳನ್ನು ಬೇರೆ ಮಾಡುವುದು ಖಾಲಿ ಜಾಗ ನೋಡಿ. ಸಿಎಸ್‌ವಿಯಲ್ಲಿ ಇರುವುದು ಅಲ್ಪವಿರಾಮ. ಹಾಗಾಗಿ ಅದು ಸಾಲಿನ ಮೊದಲ ಸಂಖ್ಯೆ ಓದಿ ಅಲ್ಪವಿರಾಮದ ಹತ್ತಿರ ನಿಂತುಬಿಟ್ಟಿತ್ತು. ಸಿಕ್ಕಿದ್ದು ಒಂದೇ ಅಂಕಣ, ಅದೂ ಕಾಲದ್ದು. ಅದನ್ನೇ ಲಂಬ ಅಕ್ಷಕ್ಕೆ ಹಾಕಿ, ಅಡ್ಡ ಅಕ್ಷಕ್ಕೆ ಸಾಲಿನ ಕ್ರಮಸಂಖ್ಯೆ ತಾನೇ ಹಾಕಿಕೊಂಡಿತು. ಎರರ್ ಕೊಟ್ಟಿದ್ದರೆ ಚೆನ್ನಾಗಿತ್ತು. ಕೊಡಲಿಲ್ಲ. ತಪ್ಪು ಚಿತ್ರವನ್ನು ಸರಿಯಾದ ಚಿತ್ರದಷ್ಟೇ ಅಚ್ಚುಕಟ್ಟಾಗಿ ಬಿಡಿಸಿತು. ‘ಸೆಟ್ ಡೇಟಾಫೈಲ್ ಸೆಪರೇಟರ್’ ಅಂತ ಹೇಳಿ ಕೋಟ್‌ನೊಳಗೆ ಒಂದು ಅಲ್ಪವಿರಾಮ ಕೊಟ್ಟ ಮೇಲೆ ನೀರು ತಣ್ಣಗಾಗತೊಡಗಿತು.

ಇಂಥದ್ದೇ ಇನ್ನೊಂದು ಹಳ್ಳ ಇದೆ. ಒಬ್ಬ ಹುಡುಗ ಒಂದು ಬೈ ಎರಡು ಗುಣಿಲೆ ಎಕ್ಸ್ ಪ್ಲಾಟ್ ಮಾಡಿದ. ಗೆರೆ ಸೊನ್ನೆಯ ಮೇಲೆ ಅಂಗಾತ ಮಲಗಿತು. ಎರಡೂ ಪೂರ್ಣಾಂಕ ಆದರೆ ಗ್ನೂಪ್ಲಾಟ್ ಭಾಗಲಬ್ಧವನ್ನೂ ಪೂರ್ಣಾಂಕವೇ ಮಾಡುತ್ತದೆ. ಅರ್ಧ ಹೋಗಿ ಸೊನ್ನೆ. 1ರ ಬದಲು 1.0 ಅಂತ ಬರೆಯಬೇಕು.

ಅಕ್ಷಗಳಿಗೆ ಕನ್ನಡದಲ್ಲೇ ಹೆಸರು ಹಾಕುತ್ತೇವೆ ಅಂದರು ಮಕ್ಕಳು. ಎಕ್ಸ್11 ಕಿಟಕಿಯಲ್ಲಿ ಕನ್ನಡ ಬರಲೇ ಇಲ್ಲ. ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿದೆ. ಲೋಹಿತ್ ಜೊತೆಗೆ ಗುಬ್ಬಿ, ನವಿಲು ಅನ್ನುವ ಮುದ್ದಾದ ಹೆಸರಿನ ಫಾಂಟುಗಳೂ ಬಂದವು. ಆದರೂ ಕಿಟಕಿ ಜಗ್ಗಲಿಲ್ಲ. ಪಿಎನ್‌ಜಿಕೈರೋ ಅನ್ನುವ ಟರ್ಮಿನಲ್‌ಗೆ ಬದಲಿಸಿ ಫೈಲಿಗೆ ಕಳಿಸಿದಾಗ ‘ಉಷ್ಣತೆ’ ಒತ್ತಕ್ಷರದ ಸಮೇತ ಸರಿಯಾಗಿ ಬಂತು. ಮೊದಲ ಸಲ ಆ ಫೈಲು ತೆರೆಯಲೂ ಆಗಲಿಲ್ಲ. ಔಟ್‌ಪುಟ್ ಮುಚ್ಚುವ ಕಮಾಂಡ್ ಕೊಡುವ ತನಕ ಚಿತ್ರ ಪೂರ್ತಿ ಫೈಲಿಗೆ ಇಳಿಯುವುದಿಲ್ಲ. ನಲ್ಲಿ ನಿಲ್ಲಿಸುವ ಮೊದಲೇ ಬಿಂದಿಗೆ ಎತ್ತಿಕೊಂಡು ಹೋದರೆ ಹೇಗೆ, ಅಲ್ವಾ?

ಕೊನೆಗೆ ಬಂದದ್ದು ನಾನು ಕಾಯುತ್ತಿದ್ದ ಘಟ್ಟ. ‘ಫಿಟ್’ ಕಮಾಂಡ್. ಸೂತ್ರ ಕೊಟ್ಟರೆ ಅಂಕಿಗಳಿಗೆ ಅತಿ ಹತ್ತಿರ ಹೋಗುವ ಗೆರೆಯನ್ನು ಅದೇ ಹುಡುಕುತ್ತದೆ. ಎಂಟರ್ ಒತ್ತಿದರೆ ‘ಸಿಂಗ್ಯುಲರ್ ಮ್ಯಾಟ್ರಿಕ್ಸ್’ ಅಂತ ಬೈದು ನಿಂತಿತು. ರಾತ್ರಿ ಮನೆಯಲ್ಲಿ ಪೆನ್ನು ಹಿಡಿದು ಕೂತಾಗ ಹೊಳೆಯಿತು. ತಣ್ಣಗಾಗುವ ವೇಗದ ಅಂಕಿ ಎಷ್ಟಿರಬಹುದು ಅಂತ ನಾವು ಏನೂ ಹೇಳಿರಲಿಲ್ಲ. ಹೇಳದಿದ್ದರೆ ಗ್ನೂಪ್ಲಾಟ್ 1 ಅಂತ ಹಿಡಿದು ಹುಡುಕಾಟ ಶುರು ಮಾಡುತ್ತದೆ. ಸೆಕೆಂಡಿಗೆ 1 ಅಂದರೆ ಮೊದಲ ನಿಮಿಷ ಮುಗಿಯುವ ಮೊದಲೇ ನೀರು ಪೂರ್ತಿ ತಣ್ಣಗಾಗಿರಬೇಕು! ಅಲ್ಲಿಂದ ಯಾವ ಕಡೆ ಹೆಜ್ಜೆ ಇಟ್ಟರೂ ಅದಕ್ಕೆ ಎಲ್ಲ ಒಂದೇ ಥರ ಕಾಣುತ್ತದೆ.

ಹಾಗಾದರೆ ಶುರುವಿನ ಅಂದಾಜು ಎಲ್ಲಿಂದ ತರುವುದು? ಮಕ್ಕಳ ಗ್ರಾಫ್ ಹಾಳೆಯಿಂದಲೇ. ಕೊಠಡಿಗಿಂತ 54 ಡಿಗ್ರಿ ಜಾಸ್ತಿ ಇದ್ದ ನೀರು 27 ಡಿಗ್ರಿ ಜಾಸ್ತಿಗೆ ಇಳಿಯಲು ಸುಮಾರು 15 ನಿಮಿಷ, ಅಂದರೆ 900 ಸೆಕೆಂಡು ತೆಗೆದುಕೊಂಡಿತ್ತು. ಅರ್ಧಕ್ಕೆ ಇಳಿಯುವ ಲೆಕ್ಕದಲ್ಲಿ ಬರುವ 2ರ ಸ್ವಾಭಾವಿಕ ಲಾಗರಿದಂ 0.693ನ್ನು 900ರಿಂದ ಭಾಗಿಸಿದರೆ ಸುಮಾರು 0.00077. ಅದನ್ನು ಕೊಟ್ಟ ಮೇಲೆ ಪೆಂಟಿಯಂ 4 ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೇಳಿತು. ಚುಕ್ಕಿಗಳ ನಡುವೆ ನುಣುಪಾದ ಗೆರೆ ಇಳಿಯಿತು.

ಆದರೆ ಮೊದಲ ನಾಲ್ಕೈದು ಚುಕ್ಕಿಗಳು ಗೆರೆಯ ಮೇಲೆ ಕೂರಲಿಲ್ಲ. ಶುರುವಿನಲ್ಲಿ ನಮ್ಮ ನೀರು ಸೂತ್ರ ಹೇಳಿದ್ದಕ್ಕಿಂತ ಬೇಗ ಬೇಗ ಇಳಿದಿತ್ತು. ಹಾಳೆಯ ಮೇಲಾಗಿದ್ದರೆ ಪೆನ್ಸಿಲ್ ಸ್ವಲ್ಪ ಬಗ್ಗಿಸಿ ಎಲ್ಲವನ್ನೂ ಮುಟ್ಟಿಸಿಬಿಡುತ್ತಿದ್ದರು. ಈ ಗೆರೆ ಯಾರಿಗೋಸ್ಕರವೂ ಬಗ್ಗುವುದಿಲ್ಲ. ಅಂಕಿ ತಪ್ಪು ಬರೆದಿರಬೇಕು ಅಂತ ಹುಡುಗರು ಒಬ್ಬರ ಮೇಲೊಬ್ಬರು ಹಾಕತೊಡಗಿದರು.

"ಆವಿ ಹೋಗ್ತಿತ್ತು ಸರ್" ಅಂದಳು ಅದೇ ಮುಂದಿನ ಬೆಂಚಿನ ಹುಡುಗಿ. "ನಾವು ಮುಚ್ಚಳ ಹಾಕಿರಲಿಲ್ಲ."

ಅಟೆಂಡರ್ ಎದ್ದು ನೀರು ಕಾಯಿಸಲು ಇಟ್ಟರು. ನಾನು ಮೂರನೇ ನಂಬರಿನ ಎಫ್1 ಒತ್ತಿದೆ.